ಅಪ್ಪನ ‘ಕೂಡಲೇ’

ಪ್ರೀತಿಯ ಅಪ್ಪ,

ನೀವು ಅನುವಾದಿಸಿದ ಮಾರ್ಕನ ಸುವಾರ್ತೆ ನಮ್ಮ ಅಚ್ಚಿನ ಮನೆಗೆ ತಲುಪಿತು. ಪುಟಪುಟಕ್ಕೂ ‘ಕೂಡಲೇ’ ಕಂಡು ಸಂಪಾದಕರು, “ಅರ್ಧಕ್ಕರ್ಧ ಹೊಡೆದುಹಾಕಮ್ಮ, ಓದೋರಿಗೆ ಬೇಜಾರಾಗತ್ತೆ” ಎಂದರು. ನಾನು ಬಿಡಲಿಲ್ಲ. “ಗ್ರೀಕ್ ಮೂಲದಲ್ಲೇ ‘ಯೂಥುಸ್’, ಅಂದ್ರೆ ‘ಕೂಡಲೇ’, ಅಂತ ಮತ್ತೆ ಮತ್ತೆ ಬರತ್ತೆ ಸಾರ್. ಮಾರ್ಕನ ಕಥೆಗೆ ಉಸಿರಾಡೋಕೂ ಪುರುಸೊತ್ತಿಲ್ಲ” ಎಂದು ನಿಮ್ಮ ಮಾತನ್ನೇ, ನಿಮ್ಮ ಹಾಗೆಯೇ ಮೇಜು ಕುಟ್ಟಿ ಒಪ್ಪಿಸಿದೆ. ಒಂದನ್ನೂ ತೆಗೆಯುತ್ತಿಲ್ಲ.

ಆದರೆ ಅಪ್ಪ, ಕೊನೆಯ ಪುಟಗಳಲ್ಲಿ ಸಾಲಿನ ಮೇಲೆಯೇ ಇನ್ನೊಂದು ಸಾಲು ಬರೆದಿದ್ದೀರಿ. ಬರೆದದ್ದು ನಿಮಗೆ ಕಂಡಿಲ್ಲ, ಅಲ್ಲವೇ? ಕಣ್ಣಿನ ಆಪರೇಷನ್ ಎಂದಾಗಲೆಲ್ಲ “ಇದೊಂದು ಅಧ್ಯಾಯ ಮುಗೀಲಿ ಮಗಳೇ” ಎನ್ನುತ್ತೀರಿ. ಊಟಕ್ಕೆ ಕರೆದರೆ ಅಮ್ಮನ ಹತ್ತಿರವೂ ಇದೇ ರಾಗ.

ಶುಕ್ರವಾರ ಬೆಳಿಗ್ಗೆ ಕಾರು ತರುತ್ತೇನೆ. ಡಾಕ್ಟರು ಬರೆದುಕೊಟ್ಟ ಹಳೆಯ ಚೀಟಿ, ಎರಡು ಜೊತೆ ಬಟ್ಟೆ ತೆಗೆದಿಟ್ಟಿರಿ. ನಿಘಂಟು ಬೇಡ.

ನೀವೇ ಬರೆದಿದ್ದೀರಲ್ಲ, ಯೇಸು ಕರೆದಾಗ ಆ ಬೆಸ್ತರು ಕೂಡಲೇ ಬಲೆ ಬಿಟ್ಟು ಹೊರಟರು ಎಂದು. ಅವರಲ್ಲಿ ಒಬ್ಬನಾದರೂ “ಇದೊಂದು ಮೀನು ಹಿಡಿದು ಬರ್ತೀನಿ” ಎಂದನೇ?

ಹಾರ್ನ್ ಕೇಳಿಸಿದಾಗ ಪೆನ್ನನ್ನು ಇದ್ದಲ್ಲೇ ಬಿಟ್ಟು ಇಳಿದು ಬನ್ನಿ.

ನಿಮ್ಮಷ್ಟೇ ಹಟದ,
ಮಗಳು