ನನ್ನ ಹೆಸರಿನ ಮುಂದಿನ ಖಾಲಿ ಗೆರೆ

ಓರಿನ್, ಗೆಳೆಯಾ, ನೀನು ತೀರಿಕೊಂಡು ಆರು ವಾರವಾಯಿತು. ಕೇಳಲು ನೀನಿಲ್ಲವೆಂದು ಗೊತ್ತಿದ್ದೂ ವಕೀಲರ ಕಚೇರಿ ಮುಂದೆ ಟ್ರಕ್ಕಿನಲ್ಲಿ ಕೂತು ಫೋನಿನ ರೆಕಾರ್ಡರಿಗೆ ಮಾತಾಡುತ್ತಿದ್ದೇನೆ.

ನಿನ್ನ ಹೆಂಡತಿ ಮಾರ್ವಾ ನಾವು ಜಗಳವಾಡಿ ಮಾತು ಬಿಟ್ಟ ಹನ್ನೊಂದು ವರ್ಷದ ಮೇಲೆ ನನ್ನನ್ನು ಕರೆದಿದ್ದಳು, ನಿನ್ನ ಬಂದೂಕುಗಳೆಲ್ಲ ಯಾವುದರ ಹೆಸರಲ್ಲಿವೆಯೋ ಆ ಟ್ರಸ್ಟು ನನಗಿರಲಿ ಎಂದು. "ಕ್ಲೈಡ್, ಹೊಸ ಅರ್ಜಿ, ಬೆರಳಚ್ಚು ಏನೂ ಬೇಡ್ವಂತೆ. ಸುಮ್ನೆ ಸಹಿ ಹಾಕು." ನಾನೂ ಹಾಗೇ ನಂಬಿದ್ದೆ.

ವಕೀಲೆ ಹಾಲ್ವರ್ಸನ್ ಟ್ರಸ್ಟಿನ ಸಾಮಾನುಗಳ ಪಟ್ಟಿ ಓದಿ ಕನ್ನಡಕ ತೆಗೆದರು. "ಓರಿನ್ ಬೀರುನಲ್ಲಿ ಬಂದೂಕಿನ ಸದ್ದಡಗಿಸೋ ಸೈಲೆನ್ಸರ್ ಮೂರಿವೆ. ಸರ್ಕಾರದ ಒಪ್ಪಿಗೆ ಇರೋದು ಎರಡಕ್ಕೇ. ಟ್ರಸ್ಟು ನಿಮ್ಮ ಕೈಗೆ ಬಂದ್ರೆ ಮೂರನೇದೂ ಬರುತ್ತೆ ಸ್ವಾಮಿ, ಜೊತೆಗೆ ಜೈಲೂ ಬರಬಹುದು."

"ಮೂರನೇದನ್ನ ಅವನೇ ಮನೇಲಿ ಮಾಡ್ಕೊಂಡಿರ್ಬೇಕು," ಎಂದೆ. "ಅರ್ಜಿ ಅಂದ್ರೆ ಅವನಿಗೆ ಹಲ್ಲುನೋವು."

"ಅದನ್ನ ಯಾರೂ ಮುಟ್ಬೇಡಿ. ಸರ್ಕಾರಕ್ಕೆ ಒಪ್ಪಿಸೋ ದಾರಿ ನಾನು ನೋಡ್ತೀನಿ."

ಆಮೇಲೆ ಟ್ರಸ್ಟ್ ಪತ್ರದ ಕೊನೆಯ ಹಾಳೆ ತಿರುಗಿಸಿದರು. ಟ್ರಸ್ಟನ್ನು ನಿನ್ನ ಜೊತೆ ನೋಡಿಕೊಳ್ಳುವ ಸಹಟ್ರಸ್ಟಿ ಎಂದು ನಿನ್ನ ಸೊಟ್ಟ ಅಕ್ಷರದಲ್ಲಿ ನನ್ನ ಹೆಸರಿತ್ತು. ತಾರೀಕು ನಾವು ಜಗಳವಾಡಿದ ಮರುದಿನದ್ದು. ಮುಂದೆ ನನ್ನ ಸಹಿಗೆ ಬಿಟ್ಟ ಗೆರೆ ಖಾಲಿಯಿತ್ತು.

"ಅವತ್ತು ಸಹಿ ಹಾಕಿದ್ದಿದ್ರೆ ಇಷ್ಟೊತ್ತಿಗೆ ನೀವೂ ಸಿಕ್ಕಿಹಾಕ್ಕೊಂಡಿರ್ತಿದ್ರಿ. ಹಾಕ್ದೇ ಇದ್ದದ್ದು ನಿಮ್ಮ ಪುಣ್ಯ," ಎಂದರು ಹಾಲ್ವರ್ಸನ್.

ಜಗಳವಾದ ಆ ವಾರ ನೀನು ನಾಲ್ಕು ಸಲ ಫೋನು ಮಾಡಿದ್ದೆ. ನಾನು ಎತ್ತಿರಲಿಲ್ಲ.

ಟ್ರಸ್ಟು ಬೇಡವೆಂದು ಹೇಳಿ ಬಂದೆ. ಆ ಹಾಳೆಯ ನಕಲನ್ನು ಮಾತ್ರ ಕೇಳಿ ತಂದಿದ್ದೇನೆ. ನಕಲಿನ ಮೇಲೆ ಸಹಿ ಹಾಕಿದರೆ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲವಂತೆ. ಅದನ್ನೂ ಕೇಳಿಕೊಂಡೇ ಹೊರಟೆ.

ಈಗ ಪೆನ್ನು ಹುಡುಕುತ್ತಿದ್ದೇನೆ.