ಮೊದಲ ಎಳೆತದ ತಂತಿ

ಮಗಳೇ, ನನ್ನ ಲೆಕ್ಕಗಾತಿಯೇ,

ಫೋನಿನಲ್ಲಾದರೆ ನೀನು "ಆಯ್ತಪ್ಪಾ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಮೊನ್ನೆ ಗೋದಾಮಿಗೆ ಬಂದವಳು ಭೂಕಂಪ ತಡೆಯಲೆಂದು ಕಟ್ಟಡಗಳಿಗೆ ಬಿಗಿಯುವ ನಮ್ಮ ತಂತಿಯನ್ನು ಬೆರಳಿಗೆ ಸುತ್ತಿ ಬಿಟ್ಟೆ. ಏನೂ ಆಗಿಲ್ಲವೆಂಬಂತೆ ಅದು ನೆಟ್ಟಗಾಯಿತು. ಎಷ್ಟು ಎಳೆದರೂ ಹಳೆಯ ಉದ್ದಕ್ಕೇ ಮರಳುತ್ತದೆಂದು ಹೇಳಿಯೇ ನಾನದನ್ನು ಮಾರುವುದು. ನೀನು ನಕ್ಕೆ. "ಹೊಸದು ಅಷ್ಟೊಂದು ಸಾಧು ಅಲ್ಲಪ್ಪಾ. ಮೊದಮೊದಲು ಎಳೆದಾಗ ಪೂರ್ತಿ ವಾಪಸ್ ಬರಲ್ಲ, ಚೂರು ಉದ್ದ ಆಗೇ ಉಳಿಯುತ್ತೆ. ಸುಮಾರು ಸಲ ಎಳೆದ ಮೇಲೇ ಬುದ್ಧಿ ಬರೋದು."

"ಹಾಗಾದ್ರೆ ಹೆರಿಗೆ ಆಸ್ಪತ್ರೆ ಕಟ್ಟೋಕೆ ನೀನು ಮಾಡಿರೋ ಕಂಪ್ಯೂಟರ್ ಮಾದರಿಯಲ್ಲಿರೋದು ಯಾವ ತಂತಿ?" ಎಂದೆ.

"ಬುದ್ಧಿ ಬಂದಿರೋದು. ಗ್ರಾಫಲ್ಲಿ ಮೊದಲ ಎಳೆತಗಳ ಗೆರೆ ದಿಕ್ಕಾಪಾಲು ಓಡುತ್ತೆ ಅಂತ ನಮ್ಮ ಗೈಡ್ ಮೇಡಂ ತೆಗೆಸಿಬಿಡ್ತಾರೆ. ಎಲ್ಲರೂ ಹಾಗೇ ಮಾಡೋದು."

ಹೇಳಿ ಮುಗಿಸುವಷ್ಟರಲ್ಲಿ ನಿನ್ನ ನಗು ನಿಂತಿತ್ತು. ಗಿರಾಕಿಗಳ ಮುಖ ಓದಿಯೇ ಅನ್ನ ಉಂಡವನು ನಾನು. ಮಗಳ ಮುಖ ಓದಲಾರೆನೇ?

ಆದರೆ ಆ ಹೆರಿಗೆ ಆಸ್ಪತ್ರೆಯ ಕಂಬಗಳ ನಡುವೆ ನಿಜವಾಗಿ ಬಿಗಿಯುವುದು ಸುರುಳಿಯಿಂದ ಈಗಷ್ಟೇ ಬಿಚ್ಚಿದ ತಂತಿಯನ್ನು. ಭೂಮಿ ಒಮ್ಮೆ ನಡುಗಿದರೆ ತಡೆದೀತು. ತಡೆದು, ಸಡಿಲಾಗಿ ಜೋತುಬಿದ್ದೀತು. ಬೆನ್ನಿಗೇ ಎರಡನೆಯ ನಡುಕ ಬಂದರೆ? ನಿನ್ನ ಕಂಪ್ಯೂಟರಿನ ಕಟ್ಟಡ ಗಟ್ಟಿಯಾಗಿ ನಿಂತಿರುತ್ತದೆ, ಸರಿ. ಅಲ್ಲಿ ಯಾರೂ ಹೆರುವುದಿಲ್ಲವಲ್ಲ.

ಅಂದಿನಿಂದ ನಿದ್ದೆಯಿಲ್ಲ. ಬೀದಿಯಲ್ಲಿ ಭಾರದ ಗಾಡಿ ಹೋಗಿ ಕಿಟಕಿಯ ಗಾಜು ಗಲಗಲ ಎಂದರೂ ಎದ್ದು ಕೂರುತ್ತೇನೆ. "ಮಾರೋರಿಗೆ ಯಾಕ್ರೀ ಈ ಉಸಾಬರಿ? ಓದಿದೋರು ನೋಡ್ಕೋತಾರೆ" ಎನ್ನುತ್ತಾಳೆ ನಿನ್ನಮ್ಮ. ಆ ಓದಿದವಳು ನೀನೇ ಎಂಬುದು ಅವಳಿಗೆ ಹೊಳೆದಿಲ್ಲ.

ನಿನ್ನ ಸಮೀಕರಣಗಳು ನನಗೆ ತಿಳಿಯವು. ನನ್ನ ಭಯ ಬರೀ ಮಂಕುತನವಾಗಿದ್ದರೆ ಹೊಟ್ಟೆ ತುಂಬ ನಕ್ಕುಬಿಡು, ನನಗೂ ನಿದ್ದೆ ಬರುತ್ತದೆ. ಆದರೆ ನಿಜವಾಗಿದ್ದರೆ, ನಕ್ಷೆಗೆ ಒಪ್ಪಿಗೆ ಕೊಡುವ ಸೋಮವಾರದ ಸಭೆಯಲ್ಲಿ ಅದು ನಿನ್ನ ಬಾಯಿಂದಲೇ ಬರಬೇಕು. ಮೇಡಂ ಮುಖ ಗಂಟಿಕ್ಕಿಯಾರು, ನಿನ್ನ ಪದವಿ ತಡವಾದೀತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ನನ್ನ ಕೈಲಾದದ್ದು ಇಷ್ಟು: ಆಸ್ಪತ್ರೆಗೆಂದು ಲಾರಿಗೆ ಏರಿಸಿದ್ದ ಸುರುಳಿಗಳನ್ನು ಇಳಿಸಿದೆ. "ತಂತಿ ಕೊಡ್ತೀರೋ, ಅದರ ಮೇಲೆ ಕೂತು ಕಾವು ಕೊಡ್ತೀರೋ? ಬೇರೆಯವರತ್ರ ತಗೋತೀನಿ ಬಿಡಿ!" ಎಂದು ಗುತ್ತಿಗೆದಾರ ಕೂಗಾಡಿದ. ನಾನು ಗೋದಾಮಿನ ಬಾಗಿಲು ಹಾಕಿಕೊಂಡೆ. ಎಳೆಯುವ ಯಂತ್ರವೊಂದನ್ನು ಬಾಡಿಗೆಗೆ ತಂದಿಟ್ಟಿದ್ದೇನೆ. ಎಷ್ಟು ಬಲ, ಎಷ್ಟು ಸಲ ಎಂದು ಹೇಳು, ಒಂದೊಂದನ್ನೂ ಎಳೆದು ಪಳಗಿಸಿಯೇ ಕಳಿಸುತ್ತೇನೆ. ನೀನು ಹೇಳುವವರೆಗೆ ಒಂದು ಗೇಣೂ ಇಲ್ಲಿಂದ ಕದಲದು.

ಧ್ವನಿ ನಡುಗಿದರೆ ನಡುಗಲಿ, ಮಗಳೇ, ಮಾತು ಮಾತ್ರ ನಿಲ್ಲದಿರಲಿ. ನಿನಗೆ ಒಳ್ಳೆಯದಾಗಲಿ.

ಬಾಗಿಲು ಹಾಕಿಕೊಂಡು ಕಾಯುತ್ತಿರುವ,
ನಿನ್ನ ಅಪ್ಪ