ಮಗ್ಗ ನುಂಗಿದ ನುಡಿ

ಜನವರಿ 9, ಗುರುವಾರ

ನನ್ನ ಹಾಡು ಟೇಪ್ ಮಾಡಿಕೊಂಡು ಹೋಗುವಾಗ ವೆರ್ನರ್ ಕೊಟ್ಟ ಮಾತುಗಳು: ಜರ್ಮನಿ ಮುಟ್ಟಿದ ಕೂಡಲೇ ಕ್ಯಾಸೆಟ್ ಕಳಿಸುತ್ತೇನೆ. ಹಾಡಿನ ಜತೆ ನಿನ್ನ ಹೆಸರಿರುತ್ತದೆ. ಮುಂದಿನ ವರ್ಷ ರಬಕವಿಗೆ ಬರುತ್ತೇನೆ.

ಕ್ಯಾಸೆಟ್ ಬರಲಿಲ್ಲ. ನನ್ನ ಹೆಸರಿನ ಜಾಗದಲ್ಲಿ ‘ಜನಪದ’ ಎಂದು ಹಾಕಿದನಂತೆ. ಅವನೂ ಬರಲಿಲ್ಲ.

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದೆ. ವೈಶಾಲಿ ಫೋನ್ ಹಿಡಿದು ಬಂದಳು. ತಮ್ಮ ಗಂಗಾರಾಮನ ಮಗಳು, ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಕಾಲೇಜಿಗೆ ವೆರ್ನರನ ಮೇಲ್ ಬಂದಿದೆಯಂತೆ. ಕೊನೆಯ ಆಲ್ಬಂ ಮಾಡುತ್ತಿದ್ದಾನೆ. ನಮ್ಮ ಹಾಡಿನ ಮೂರನೆಯ ನುಡಿ, ಆ ಕೊನೆಯ ಚರಣ, ಬೇಕು. ‘ದಿವಂಗತ ಶಂಕ್ರೆವ್ವನ ಮನೆಯವರು ಯಾರಾದರೂ ಇದ್ದಾರೆಯೇ?’

ನಾನು ದಿವಂಗತ!

“ನಾ ಏನ ಬರೀಲಿ ಅತ್ತಿ?”

“ದಿವಂಗತ ಆದಾಕಿ ಕಂಡಿಕಿ ಸುತ್ತಾಕತ್ತಾಳ, ಬಂದ ಭೆಟ್ಟಿ ಆಗು ಅಂತ ಬರಿ.”

ಜನವರಿ 10

ನಿದ್ದೆ ಇಲ್ಲ. ತೊಂಬತ್ತೊಂದನೆಯ ಇಸವಿ ಕಣ್ಣ ಮುಂದೆ. ಉದ್ದ ಕೂದಲಿನ ಹುಡುಗ, ಹೆಗಲಿಗೆ ಟೇಪ್ ರೆಕಾರ್ಡರ್. ಮಗ್ಗದ ಸದ್ದು ಹಿಡಿಯಲು ಬಂದವನು ನಾಲ್ಕು ತಿಂಗಳು ಉಳಿದ. ಓಣಿಯವರಿಗೆಲ್ಲ ವೆರ್ನಪ್ಪ. ನಮ್ಮ ನೇಕಾರರ ಸಂಘದ ಸಭೆಗಳಿಗೆ ಬಂದು ಹಿಂದೆ ಕೂರುತ್ತಿದ್ದ. ಗಂಗಾರಾಮ ಹಲಗೆ ಬಾರಿಸಿದರೆ ಗಿಟಾರ್ ಜೋಡಿಸುತ್ತಿದ್ದ. ಎಷ್ಟು ನಗುತ್ತಿದ್ದೆವು…

ಮುಷ್ಕರಕ್ಕೆಂದು ನಾನು ಹಾಡು ಕಟ್ಟಿದ್ದೆ— ನೂಲು ನಮ್ಮದು, ಸೋಲು ಯಾರದು. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ನಿಂತ ಹೊತ್ತು. ಟೇಪ್ ಒತ್ತಿದ, ಹಾಡಿದೆ. ಎರಡು ನುಡಿ ಮುಗಿದವು. ಕರೆಂಟ್ ಬಂತು. ಅಷ್ಟೂ ಮಗ್ಗ ಒಮ್ಮೆಗೇ ಖಟಾಖಟ್. ಮೂರನೆಯ ನುಡಿ ಹಾಡುತ್ತಲೇ ಇದ್ದೆ, ನನಗೇ ಕೇಳಿಸಲಿಲ್ಲ.

ಮುಷ್ಕರ ಆಗಲೇ ಇಲ್ಲ. ನಮ್ಮ ಮುಖಂಡರು ಮಾಲೀಕರ ಮನೆಯಲ್ಲಿ ಚಹಾ ಕುಡಿದು ಬಂದರು. ಆ ನುಡಿಯನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಜನವರಿ 19, ಭಾನುವಾರ

ವೈಶಾಲಿ ಯೂಟ್ಯೂಬ್ ಹಚ್ಚಿದಳು. ಹಡಗುಕಟ್ಟೆಯ ಬಾರುಗಳಲ್ಲಿ ಶುರುವಾದ ವೆರ್ನರನ ಬ್ಯಾಂಡು, ಆಮೇಲೆ ದೊಡ್ಡ ದೊಡ್ಡ ಸಭಾಂಗಣ. ಸಾವಿರ ಜನ ಒಡಕು ಕನ್ನಡದಲ್ಲಿ ನನ್ನ ಎರಡು ನುಡಿ ಹಾಡುತ್ತಾರೆ. ನಂತರ ಡ್ರಮ್ಮು, ಥೇಟ್ ಮಗ್ಗದ ಬಡಿತ. ಜನ ಕುಣಿಯುತ್ತಾರೆ. ಅವರು ಕುಣಿಯುವುದು ನನ್ನ ನುಡಿ ಹೂತ ಜಾಗದ ಮೇಲೆ.

ಕಾದಂಬರಿಗಳನ್ನೂ ಬರೆದಿದ್ದಾನೆ. ಒಂದರಲ್ಲಿ ನಾನಿದ್ದೇನೆ, ವೈಶಾಲಿ ಓದಿ ಹೇಳಿದಳು. ಕೃಷ್ಣೆಯಲ್ಲಿ ಕಾಲು ಜಾರಿ ಮುಳುಗುತ್ತೇನೆ, ಗಿಟಾರಿನ ಹುಡುಗ ಹಾರಿ ಉಳಿಸಲು ಹೋಗುತ್ತಾನೆ, ಆಗುವುದಿಲ್ಲ.

ಸುಳ್ಳ! ಜಾರಿದವನು ಅವನು. ಕಚ್ಚೆ ಹಾಕಿ ಹಾರಿ, ಕೂದಲು ಹಿಡಿದು ದಂಡೆಗೆ ಎಳೆದವಳು ನಾನು. ಬರೆದು ಬರೆದು ತನ್ನ ಕಥೆಯನ್ನು ತಾನೇ ನಂಬಿಬಿಟ್ಟಿದ್ದಾನೆ.

“ಅಕ್ಕಾ, ನೀ ಸತ್ತದ್ದಕ್ಕ ಜರ್ಮನಿ ಮಂದಿ ಅತ್ತಾರಂತ,” ಎಂದ ಗಂಗಾರಾಮ. “ಇಲ್ಲಿ ನೋಡಿದ್ರ ನನ್ನ ಪಾಲಿನ ರೊಟ್ಟಿನೂ ತಿಂದ ಕುಂತಿ.”

ನಕ್ಕೆ. ಆಮೇಲೆ ಉರಿ ಹತ್ತಿತು. ಹೆಸರು ಕಳೆದದ್ದು ಸಾಲದೆ, ಮಾಡಿದ ಕೆಲಸವನ್ನೂ ಕಸಿದನಲ್ಲ.

ಫೆಬ್ರವರಿ 15, ಶನಿವಾರ

ಬಂದ. ಬೋಳು ತಲೆ, ಕೈಯಲ್ಲಿ ಕೋಲು. ಹಿಡಿದು ಎಳೆಯಲು ಈಗ ಕೂದಲೂ ಇಲ್ಲ. ಬಾಗಿಲಲ್ಲಿ ನಿಂತು ಹಳೆಯ ಕನ್ನಡ ಹುಡುಕಿದ.

“ಅಕ್ಕಾ… ಆರಾಮ ಅದೀರಿ?”

“ಸತ್ತಾಕಿ ಆರಾಮ ಇರ್ತಾಳೇನ್ ಲೇ?”

ಗಂಗಾರಾಮ ಚಹಾ ತಂದಿಟ್ಟ. ವೆರ್ನರ್ ಎರಡೂ ಕೈಯಿಂದ ಲೋಟ ಎತ್ತಿದ.

“ನನ್ನ ಯಾಕ ಮುಳುಗಿಸಿದಿ?”

ಲೋಟ ಕೆಳಗಿಟ್ಟ. “ನಾಚಿಕಿ ಆತು. ಹೆಂಗಸು ಎಳದು ಉಳಿಸಿದ್ಲು ಅಂದ್ರ ಬ್ಯಾಂಡಿನ ಹುಡುಗ್ರು ನಗತಿದ್ರು. ಮೊದಲ ಸ್ಟೇಜ್ ಮ್ಯಾಲ ಸುಳ್ಳ ಹೇಳಿದೆ. ಆಮ್ಯಾಲ ಬರದೆ. ಆಮ್ಯಾಲ… ಅದ ಖರೆ ಆತು.”

ಮೂರನೆಯ ನುಡಿ ಕೇಳಿದ. ಎಲ್ಲ ಹಾಡೂ ಮರೆಯುತ್ತಿದ್ದಾನಂತೆ. ಇದೊಂದು ಪೂರ್ತಿಯಾಗಬೇಕಂತೆ.

“ಓಣಿ ಮಂದಿ ಮುಂದ ಹಾಡ್ತೀನಿ. ಹಾಡಿನ ಮ್ಯಾಲ ನನ್ನ ಹೆಸರು ಇರಬೇಕು. ಅದಕ್ಕೂ ಮೊದಲ ನೀ ಮುಳುಗಬೇಕು.”

ಅರ್ಥವಾಗಲಿಲ್ಲ ಅವನಿಗೆ.

“ಎಲ್ಲಾರ ಮುಂದ ನಿಂತು ಹೇಳು. ಯಾರು ಜಾರಿದ್ರು, ಯಾರು ಎಳದ್ರು.”

ಕೋಲೂರಿ ಎದ್ದ. “ಆತು ಅಕ್ಕಾ.”

“ಹಾಡೂ ಹೊತ್ತಿಗೆ ಮಗ್ಗ ಬಂದ್ ಮಾಡಸ್ಲ್ಯಾ?” ಎಂದ ಗಂಗಾರಾಮ.

“ಬ್ಯಾಡ. ನನ್ನ ಹಾಡಿಗಾಗಿ ಯಾರ ದುಡಿಮಿನೂ ನಿಲ್ಲಬಾರದು.”

ಫೆಬ್ರವರಿ 16

ಅಡುಗೆಮನೆಯಲ್ಲಿ ಬಾಗಿಲು ಹಾಕಿ ಮೂರನೆಯ ನುಡಿ ಹಾಡಿ ನೋಡಿದೆ. ಧ್ವನಿ ಒಡೆದಿದೆ. ಪೂರ್ತಿ ಬಂತು… ಮೂವತ್ತು ವರ್ಷ ಎಲ್ಲಿತ್ತೋ ನನ್ನೊಳಗೆ.

ಗಂಗಾರಾಮ ಮಾಳಿಗೆಯಿಂದ ಹಲಗೆ ಇಳಿಸಿ, ಚರ್ಮ ಬಿಗಿಯಾಗಲೆಂದು ಬಿಸಿಲಿಗೆ ಇಟ್ಟಿದ್ದಾನೆ.

ಮಂಗಳವಾರ ಲೈನ್ ರಿಪೇರಿಯಂತೆ. ಹತ್ತಕ್ಕೆ ಕರೆಂಟ್ ತೆಗೆಯುತ್ತಾರೆ, ಮಗ್ಗ ತಾವಾಗಿ ನಿಲ್ಲುತ್ತವೆ. ಮತ್ತೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ವೆರ್ನರನಿಗೆ ಹೇಳಿ ಕಳಿಸಿದೆ: ಮಂಗಳವಾರ, ನಮ್ಮ ಓಣಿಯ ಕಟ್ಟೆ, ಬೆಳಿಗ್ಗೆ ಹತ್ತು ಗಂಟೆ— ಮೊದಲು ನಿನ್ನ ಮಾತು, ಆಮೇಲೆ ನನ್ನ ಮೂರೂ ನುಡಿ.